ಡೀಪ್ ಸ್ಪೇಸ್ ನೈನ್‌ನ ಇನ್ನೂ ಎಷ್ಟು ವರ್ಷ ಮಬ್ಬಾಗೇ ನೋಡ್ಬೇಕು?

ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ಬಾಹ್ಯಾಕಾಶ ಸೀರೀಸುಗಳ ಹುಚ್ಚು ಇರೋರನ್ನ ಕೂರಿಸ್ಕೊಂಡು ಕೇಳಿ, ಎಲ್ಲಕ್ಕಿಂತ ಚೆನ್ನಾಗಿ ಬರೆದಿರೋ ಸೀರೀಸ್ ಯಾವ್ದು ಅಂತ. ಸುಮಾರು ಜನ ಡೀಪ್ ಸ್ಪೇಸ್ ನೈನ್ ಅಂತಾರೆ, ನಾನಂತೂ ಎರಡನೇ ಮಾತಿಲ್ಲದೆ ಅದನ್ನೇ ಹೇಳ್ತೀನಿ. 1993ರಿಂದ 1999ರ ತನಕ 7 ಸೀಸನ್, 176 ಎಪಿಸೋಡು. ಬೇರೆಯವರ ಆಳ್ವಿಕೆ ಕೆಳಗೆ ನಲುಗಿ ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲೋಕೆ ಒದ್ದಾಡೋ ಒಂದು ಗ್ರಹ, ಆ ಗ್ರಹದೋರ ದೇವರು ಧರ್ಮ, ಮಗನ್ನ ಒಬ್ಬನೇ ಸಾಕೋ ಅಪ್ಪ, ಕೊನೆಗೆ ಎರಡು ಸೀಸನ್ ಪೂರ್ತಿ ಎಳೆಯೋ ಯುದ್ಧ, ಆ ಕಾಲದ ಟೀವಿಯಲ್ಲಿ ಇಷ್ಟು ಉದ್ದ ಕಥೆ ಹೇಳೋ ಧೈರ್ಯ ಎಷ್ಟು ಜನಕ್ಕಿತ್ತು ಹೇಳಿ. ಆದ್ರೆ ಇಷ್ಟು ಒಳ್ಳೆ ಸೀರೀಸನ್ನ ಇವತ್ತು ದೊಡ್ಡ ಟೀವಿಲಿ ಹಾಕಿ ನೋಡಿ, ಮುಖ ಮಬ್ಬು, ಅಂಚು ಮಬ್ಬು, ಕತ್ತಲೆ ಇರೋ ಕಡೆಯೆಲ್ಲಾ ಕೆಸರು ಕಲಸಿದ ಬಣ್ಣ. ಅದಕ್ಕಿಂತ ಇಪ್ಪತ್ತಾರು ವರ್ಷ ಮುಂಚೆ, 1966ರಲ್ಲಿ ಶುರುವಾದ ಕರ್ಕ್, ಸ್ಪಾಕ್ ಇರೋ ಹಳೇ ಸೀರೀಸು ಮಾತ್ರ ನಿನ್ನೆ ತೆಗೆದ ಹಾಗೆ ಫಳಫಳ ಅನ್ನುತ್ತೆ. ಹಳೇದು ಚೆನ್ನಾಗಿ ಕಾಣುತ್ತೆ, ಹೊಸದು ಮಬ್ಬಾಗಿ ಕಾಣುತ್ತೆ. ಇದು ಹೆಂಗೆ ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೇ ಇವತ್ತು ಕೂತು ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಎರಡೂ ಸೀರೀಸನ್ನ ಶೂಟ್ ಮಾಡಿದ್ದು 35 ಎಂಎಂ ಫಿಲ್ಮಲ್ಲೇ. ಅಂದ್ರೆ ಕ್ಯಾಮೆರಾ ಒಳಗೆ ಬಿದ್ದ ಚಿತ್ರ ಸಿನಿಮಾ ಕ್ವಾಲಿಟಿದೇ. ವ್ಯತ್ಯಾಸ ಆಗಿದ್ದು ಆಮೇಲೆ. ಅರವತ್ತರ ದಶಕದಲ್ಲಿ ಎಡಿಟಿಂಗು, ಎಫೆಕ್ಟ್ಸು ಎಲ್ಲಾನೂ ಫಿಲ್ಮ್ ಮೇಲೇ ಮಾಡಿ ಮುಗಿಸ್ತಿದ್ರು, ಹಾಗಾಗಿ ಇವತ್ತು ಆ ಫಿಲ್ಮ್ ತಗೊಂಡು ಸ್ಕ್ಯಾನ್ ಮಾಡಿದ್ರೆ ಆಯ್ತು, ಪೂರ್ತಿ ಎಪಿಸೋಡೇ ಕೈಗೆ ಬರುತ್ತೆ. 1987ರಲ್ಲಿ ದಿ ನೆಕ್ಸ್ಟ್ ಜನರೇಷನ್ ಅನ್ನೋ ಇನ್ನೊಂದು ಸ್ಟಾರ್ ಟ್ರೆಕ್ ಸೀರೀಸ್ ಶುರುವಾಗೋ ಹೊತ್ತಿಗೆ ವಿಡಿಯೋ ಎಡಿಟಿಂಗ್ ಬಂದಿತ್ತು, ಬೇಗ ಆಗುತ್ತೆ, ದುಡ್ಡು ಉಳಿಯುತ್ತೆ, ವಾರಕ್ಕೊಂದು ಎಪಿಸೋಡು ಕೊಡಬೇಕು ಅಂದ್ರೆ ಬೇರೆ ದಾರಿನೂ ಇರಲಿಲ್ಲ. ಹಾಗಾಗಿ ಫಿಲ್ಮ್ ತೊಳೆದ ತಕ್ಷಣ ಅದನ್ನ ಟೇಪಿಗೆ ಇಳಿಸ್ಕೊಂಡು, ಎಡಿಟಿಂಗು, ಹಡಗು ಹಾರೋದು, ಫೇಸರ್ ಗನ್ ಹೊಡೆಯೋದು, ಜನರನ್ನ ಮಾಯ ಮಾಡಿ ಕಳಿಸೋ ಟ್ರಾನ್ಸ್‌ಪೋರ್ಟರ್ ಮಿಂಚು ಎಲ್ಲಾನೂ ಆ ಟೇಪ್ ಮೇಲೇ ಜೋಡಿಸಿದ್ರು. ಆಮೇಲೆ ಬಂದ ಡೀಪ್ ಸ್ಪೇಸ್ ನೈನ್‌ಗೂ ಇದೇ ದಾರಿ. ಅಮೆರಿಕದ ಹಳೇ ಟೀವಿ ಪದ್ಧತಿ ಎನ್‌ಟಿಎಸ್‌ಸಿಯ ಟೇಪಲ್ಲಿ ಕಾಣೋ ಗೆರೆ ಸುಮಾರು 480. ಡಿಜಿಟಲ್ ಲೆಕ್ಕದಲ್ಲಿ 720 ಗುಣಿಸು 480, ಮೂರೂವರೆ ಲಕ್ಷ ಪಿಕ್ಸೆಲ್ ಕೂಡ ಇಲ್ಲ. ಇವತ್ತಿನ ಮಾಮೂಲಿ ಫುಲ್ ಎಚ್‌ಡಿ ಟೀವಿಲಿ ಇರೋದು 20 ಲಕ್ಷಕ್ಕೂ ಮೇಲೆ. ಮುಗಿದ ಎಪಿಸೋಡ್ ಅನ್ನೋದು ಆ ಟೇಪಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಫಿಲ್ಮ್ ಇದೆ, ಆದ್ರೆ ತುಂಡು ತುಂಡಾಗಿ ಡಬ್ಬಗಳಲ್ಲಿದೆ.

ಆ ತುಂಡುಗಳನ್ನ ಮತ್ತೆ ಜೋಡಿಸಬಹುದಾ ಅಂದ್ರೆ ಖಂಡಿತ ಜೋಡಿಸಬಹುದು, ಮಾಡಿ ತೋರಿಸಿದ್ದಾರೆ. ಸೀರೀಸಿನ ಹಕ್ಕು ಇದ್ದ ಸಿಬಿಎಸ್ ಕಂಪನಿಯೋರು ನೆಕ್ಸ್ಟ್ ಜನರೇಷನ್‌ನ 7 ಸೀಸನ್ನೂ ನೆಗೆಟಿವ್‌ನಿಂದ ಮತ್ತೆ ಕಟ್ಟಿದ್ರು. ಮೊದಲನೇ ಸೀಸನ್ ಬ್ಲೂರೇ 2012ರ ಜುಲೈಯಲ್ಲಿ ಬಂತು, ಏಳನೇದು 2014ರ ಡಿಸೆಂಬರ್‌ನಲ್ಲಿ. ಸಾವಿರಾರು ರೀಲು ತೆಗೆಸಿ, ಪ್ರತಿ ಶಾಟ್ ಹುಡುಕಿ, ಹಳೇ ಎಪಿಸೋಡ್ ಪಕ್ಕದಲ್ಲಿಟ್ಕೊಂಡು ಫ್ರೇಮ್‌ಗೆ ಫ್ರೇಮ್ ಹೊಂದಿಸಿ ಎಡಿಟ್ ಮಾಡಿದ್ರು. ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗು ಇದ್ಯಲ್ಲ, ಅದು ಮಾಡೆಲ್. ಒಂದೇ ಶಾಟ್‌ಗೆ ಹಡಗಿನ ಮೈ ಒಂದು ಸಲ, ಕಿಟಕಿ ದೀಪ ಒಂದು ಸಲ, ಎಂಜಿನ್ ಹೊಳಪು ಒಂದು ಸಲ, ಹಿಂದಿನ ಬ್ಯಾಕ್‌ಗ್ರೌಂಡಿಂದ ಕತ್ತರಿಸ್ಕೊಳ್ಳೋಕೆ ಮ್ಯಾಟ್ ಇನ್ನೊಂದು ಸಲ, ಹೀಗೆ ಕ್ಯಾಮೆರಾ ಒಂದೇ ದಾರೀಲಿ ಮತ್ತೆ ಮತ್ತೆ ಓಡಿಸಿ ಬೇರೆ ಬೇರೆ ಫಿಲ್ಮಲ್ಲಿ ಹಿಡಿದಿದ್ರು. ಆ ಫಿಲ್ಮೆಲ್ಲಾ ಹೆಚ್ಚುಕಮ್ಮಿ ಪೂರ್ತಿ ಸಿಕ್ತು. ಅದನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಒಂದರ ಮೇಲೊಂದು ಕೂರಿಸಿದ್ರು, ಬೇಕಾದ ಕಡೆ ಮಾತ್ರ ಗ್ರಹಗಳನ್ನ ಹೊಸದಾಗಿ ಮಾಡಿದ್ರು. ನೆಕ್ಸ್ಟ್ ಜನರೇಷನ್‌ನಲ್ಲೇ ಆಗ ಡಿಸೈನ್ ಕೆಲಸ ಮಾಡಿದ್ದ ಮೈಕೆಲ್ ಒಕುಡಾ, ಡೆನೀಸ್ ಒಕುಡಾ ಅವರನ್ನೇ ಸಲಹೆಗೆ ಕೂರಿಸ್ಕೊಂಡಿದ್ರು, ಯಾವ ದೀಪ ಯಾವ ಬಣ್ಣ ಅಂತ ಹೇಳೋಕೆ ಅವರಿಗಿಂತ ಇನ್ಯಾರು ಬೇಕು?

ರಿಸಲ್ಟ್ ನೋಡಿ ನನಗೆ ಮೈ ಜುಂ ಅಂದಿತ್ತು. ಬ್ರಿಜ್‌ನ ಹಿಂದಿನ ಗೋಡೆ ಪ್ಯಾನಲ್ ಮೇಲಿನ ಸಣ್ಣ ಅಕ್ಷರ ಓದಬಹುದು. ಡೇಟಾ ಅನ್ನೋ ರೋಬೋಟ್ ಪಾತ್ರದ ಮುಖಕ್ಕೆ ಹಚ್ಚಿರೋ ಬಂಗಾರದ ಬಣ್ಣದ ಪುಡಿ ಕಿವಿ ಹತ್ರ ಎಲ್ಲಿ ನಿಂತಿದೆ ಅಂತ ಕಾಣುತ್ತೆ. ಯೂನಿಫಾರ್ಮ್ ಭುಜದ ಹೊಲಿಗೆ, ಉಣ್ಣೆಯ ನೇಯ್ಗೆ ಎಲ್ಲಾ ಕಾಣುತ್ತೆ. ದಿ ಇನ್ನರ್ ಲೈಟ್ ಎಪಿಸೋಡಲ್ಲಿ ಕ್ಯಾಪ್ಟನ್ ಪಿಕಾರ್ಡ್ ಕೊಳಲು ಎದೆಗೆ ಒತ್ತಿ ಹಿಡ್ಕೊಳ್ಳೋ ಶಾಟ್ ನೋಡಿ, ಆ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ಟೂವರ್ಟ್ ಕಣ್ಣಲ್ಲಿ ಏನು ನಡೀತಿದೆ ಅಂತ ಹಳೇ ಡಿವಿಡಿಲಿ ಊಹೆ ಮಾಡ್ಕೋಬೇಕಿತ್ತು, ಬ್ಲೂರೇಲಿ ಕಾಣುತ್ತೆ. ನಟನೆ ಅನ್ನೋದು ಕಣ್ಣಲ್ಲಿರುತ್ತೆ ಸ್ವಾಮಿ, ರೆಸಲ್ಯೂಷನ್ ಅಂದ್ರೆ ಬರೀ ಟೆಕ್ನಿಕಲ್ ಮಾತಲ್ಲ, ಮೂವತ್ತು ವರ್ಷ ಹಿಂದೆ ಆ ಮನುಷ್ಯ ಕ್ಯಾಮೆರಾ ಮುಂದೆ ಕೊಟ್ಟಿದ್ದು ನಮಗೆ ಪೂರ್ತಿ ತಲುಪ್ತಾ ಇದ್ಯಾ ಇಲ್ವಾ ಅನ್ನೋ ಪ್ರಶ್ನೆ ಅದು.

ಹಾಗಾದ್ರೆ ಡೀಪ್ ಸ್ಪೇಸ್ ನೈನ್‌ಗೆ ಯಾಕೆ ಮಾಡಲಿಲ್ಲ? ದುಡ್ಡು. ನೆಕ್ಸ್ಟ್ ಜನರೇಷನ್ ಬ್ಲೂರೇ ಬರೋ ಹೊತ್ತಿಗೆ ಜನ ಡಿಸ್ಕ್ ತಗೊಳ್ಳೋದು ಬಿಟ್ಟು ಸ್ಟ್ರೀಮಿಂಗ್ ಕಡೆ ಹೊರಟಿದ್ರು, ಮಾರಾಟ ಅಂದುಕೊಂಡಷ್ಟು ಆಗಲಿಲ್ಲ, ಕಂಪನಿಯೋರು ಅಲ್ಲಿಗೇ ಕೈ ತೊಳ್ಕೊಂಡ್ರು. ಎರಡನೇ ಕಾರಣ ಕಂಪ್ಯೂಟರ್ ಗ್ರಾಫಿಕ್ಸ್. ಮೊದಮೊದಲ ಸೀಸನ್‌ಗಳಲ್ಲಿ ಮಾಡೆಲ್ ಜಾಸ್ತಿ, ಅದರ ಫಿಲ್ಮ್ ಇರುತ್ತೆ. ಕೊನೆ ಸೀಸನ್‌ಗಳಲ್ಲಿ ನೂರಾರು ಹಡಗು ಒಟ್ಟಿಗೆ ಯುದ್ಧ ಮಾಡೋ ದೃಶ್ಯಗಳೆಲ್ಲಾ ಸಿಜಿ, ಅವನ್ನ ರೆಂಡರ್ ಮಾಡಿದ್ದೇ, ಅಂದ್ರೆ ಕಂಪ್ಯೂಟರಲ್ಲಿ ಚಿತ್ರವಾಗಿ ತೆಗೆದಿದ್ದೇ, ಟೀವಿ ಸೈಜಿಗೆ, ಸ್ಕ್ಯಾನ್ ಮಾಡೋಕೆ ಫಿಲ್ಮೇ ಇಲ್ಲ, ಮತ್ತೆ ರೆಂಡರ್ ಮಾಡಬೇಕು. ಕಷ್ಟ ಹೌದು, ಆಗದ ಕೆಲಸ ಅಲ್ಲ. ಅಭಿಮಾನಿಗಳ ದುಡ್ಡಲ್ಲಿ ಮಾಡಿದ ವಾಟ್ ವಿ ಲೆಫ್ಟ್ ಬಿಹೈಂಡ್ ಅನ್ನೋ ಡಾಕ್ಯುಮೆಂಟರಿ 2019ರಲ್ಲಿ ಬಂತಲ್ಲ, ಸೀರೀಸ್ ನಡೆಸಿದ ಐರಾ ಸ್ಟೀವನ್ ಬೇರ್ ಅವರೇ ಸೇರಿ ಮಾಡಿದ್ದು, ಅದಕ್ಕೆ ಬೇಕಾದ ದೃಶ್ಯಗಳನ್ನ ನೆಗೆಟಿವ್‌ನಿಂದ ಎಚ್‌ಡಿ ಮಾಡ್ಸಿದ್ರು, ಯುದ್ಧದ ಶಾಟ್‌ಗಳನ್ನೂ ಮತ್ತೆ ಮಾಡ್ಸಿದ್ರು. ಆ ಕೆಲವು ನಿಮಿಷ ನೋಡಿದ ಮೇಲೆ ಡಿವಿಡಿ ಹಾಕೋಕೆ ಮನಸ್ಸು ಬರಲ್ಲ. ಆ ಗ್ರಹವನ್ನ ಆಳ್ತಿದ್ದ ಕಾರ್ಡೇಶಿಯನ್ನರ ಕುತ್ತಿಗೆ ಮೇಲಿನ ಏಣುಗಳು, ಓಡೋ ಅನ್ನೋ ಪಾತ್ರದ ಮುಖದ ಆ ನುಣುಪು ಮೇಕಪ್, ಪ್ರಾಮಿನಾಡ್ ಅನ್ನೋ ಅಂಗಡಿ ಬೀದಿ ಸೆಟ್ಟಿನ ಕಂಬಗಳ ಮೇಲಿನ ತುಕ್ಕಿನ ಬಣ್ಣ, ಇದೆಲ್ಲಾ ಅಲ್ಲೇ ಇತ್ತು ರೀ, ಇಷ್ಟು ವರ್ಷವೂ ಫಿಲ್ಮಲ್ಲಿ ಭದ್ರವಾಗಿ ಕೂತಿತ್ತು.

ಈಗ ಬರೋಣ ಎಐ ವಿಷಯಕ್ಕೆ, ಅಂದ್ರೆ ಮಬ್ಬು ವಿಡಿಯೋನ ಕಂಪ್ಯೂಟರ್ ಊಹೆ ಮೇಲೆ ದೊಡ್ಡದು ಮಾಡೋದು. ಫ್ರೆಂಡ್ಸ್ ಗ್ರೂಪಲ್ಲಿ ಯಾರಾದ್ರೂ ಒಂದು ಕ್ಲಿಪ್ ಹಾಕ್ತಾರೆ, "ನೋಡಿ ಸಾರ್, ಡೀಪ್ ಸ್ಪೇಸ್ ನೈನ್ 4ಕೆ ಆಗೋಯ್ತು, ಮನೇಲೇ ಕೂತು ಯಾರೋ ಮಾಡಿದ್ದಾರೆ, ಇನ್ನೇನು ಬೇಕು ನಿಮಗೆ" ಅಂತ. ಮಾಡಿದೋರ ಪ್ರೀತಿ ಬಗ್ಗೆ ನನಗೆ ಗೌರವ ಇದೆ, ರಾತ್ರಿಯೆಲ್ಲಾ ಕಂಪ್ಯೂಟರ್ ಓಡಿಸಿರ್ತಾರೆ. ಆದ್ರೆ ಅದು ರೀಮಾಸ್ಟರ್ ಅಲ್ಲ, ರೀಮಾಸ್ಟರ್ ಅಂದ್ರೆ ಮೂಲ ಫಿಲ್ಮಿಂದ ಹೊಸದಾಗಿ ತೆಗೆಯೋದು. ಮನೇಲಿ ಅಜ್ಜಿ ಮದುವೆ ಫೋಟೋದ ಜೆರಾಕ್ಸ್ ಇದೆ ಅಂದ್ಕೊಳ್ಳಿ, ಅದನ್ನ ಎಷ್ಟು ದೊಡ್ಡದು ಮಾಡಿದ್ರೂ ಸೀರೆ ಅಂಚಿನ ಡಿಸೈನ್ ಬರಲ್ಲ, ಕಂಪ್ಯೂಟರ್ ತನಗೆ ತೋಚಿದ ಡಿಸೈನ್ ಹಾಕುತ್ತೆ ಅಷ್ಟೇ, ನಿಜವಾದ ಅಂಚು ಬೇಕಂದ್ರೆ ಸ್ಟುಡಿಯೋದಲ್ಲಿ ನೆಗೆಟಿವ್ ಹುಡುಕಿಸಬೇಕು. ಇಲ್ಲೂ ಅದೇ. ಆ ಕ್ಲಿಪ್‌ಗಳನ್ನ ನಿಲ್ಲಿಸಿ ಒಂದೊಂದು ಫ್ರೇಮ್ ನೋಡಿ. ದೊಡ್ಡ ಕ್ಲೋಸಪ್ ಚೆನ್ನಾಗಿರುತ್ತೆ, ಒಪ್ಕೊಳ್ಳೋಣ. ಹಿಂದೆ ನಿಂತಿರೋ ಜನರ ಮುಖ ಮೇಣ ಕರಗಿದ ಹಾಗೆ, ಕಣ್ಣೊಂದು ಕಡೆ ಹುಬ್ಬೊಂದು ಕಡೆ, ಪ್ಯಾನಲ್ ಮೇಲಿನ ಅಕ್ಷರಗಳು ಯಾವ ಭಾಷೆದೂ ಅಲ್ಲದ ಗೀಚು. ಅದರ ಮೇಲೆ ಇನ್ನೊಂದು ತಲೆನೋವು ಇದೆ, ನಟರು ಇರೋ ಶಾಟ್‌ಗಳು ಸೆಕೆಂಡಿಗೆ 24 ಫ್ರೇಮಿನ ಫಿಲ್ಮಿಂದ ಟೇಪಿಗೆ ಬಂದಿರೋವು, ಎಫೆಕ್ಟ್ ಶಾಟ್ ಕೆಲವು ನೇರ ವಿಡಿಯೋದ 30 ಫ್ರೇಮ್ ಲೆಕ್ಕದಲ್ಲಿ ಮಾಡಿರೋವು, ಒಂದೇ ಸೀನಲ್ಲಿ ಎರಡೂ ಕಲಸಿರುತ್ತೆ, ಒಂದನ್ನ ಸರಿ ಮಾಡೋಕೆ ಹೋದ್ರೆ ಇನ್ನೊಂದು ತಡವರಿಸಿ ತಡವರಿಸಿ ಓಡುತ್ತೆ. ನನ್ನ ಭಯ ಏನು ಗೊತ್ತಾ, ಕಂಪನಿಯೋರೂ ನಾಳೆ ಇದೇ ಅಡ್ಡದಾರಿ ಹಿಡಿದು, ಎಐಯಲ್ಲಿ ಒಂದು ರೌಂಡ್ ಓಡಿಸಿ, ಮೇಲೆ ರೀಮಾಸ್ಟರ್ಡ್ ಅಂತ ಸ್ಟಿಕ್ಕರ್ ಹಚ್ಚಿ ನಮ್ಮ ಮೂಗಿಗೆ ತುಪ್ಪ ಸವರಿಬಿಟ್ರೆ, ನೆಗೆಟಿವ್ ತೆಗೆಯೋ ಮಾತು ಅಲ್ಲಿಗೆ ಮುಗಿಯಿತು.

ಬ್ರಿಟನ್ನಿನ ಡಾಕ್ಟರ್ ಹೂ ಅನ್ನೋ ಸೀರೀಸ್ ಕಡೆಯೋರನ್ನ ನೋಡಿ ಕಲೀಬೇಕು ಈ ವಿಷಯದಲ್ಲಿ. ಅವರ ಕಥೆ ನಮ್ಮದಕ್ಕಿಂತ ಘೋರ. ಬಿಬಿಸಿಯೋರು ಟೇಪ್ ದುಬಾರಿ, ಮತ್ತೆ ಉಪಯೋಗಕ್ಕೆ ಬರುತ್ತೆ ಅಂತ ಹಳೇ ಎಪಿಸೋಡುಗಳನ್ನ ಅಳಿಸಿಬಿಟ್ರು, ಅರವತ್ತರ ದಶಕದ 90ಕ್ಕೂ ಹೆಚ್ಚು ಎಪಿಸೋಡು ಅವರ ಕೈ ತಪ್ಪಿಹೋದವು. ಟೀವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡ್ಕೊಂಡಿದ್ದ ಅಭಿಮಾನಿಗಳಿಂದ ಅವುಗಳ ಆಡಿಯೋ ಆದ್ರೂ ಉಳೀತು. 2013ರಲ್ಲಿ ನೈಜೀರಿಯಾದ ಒಂದು ಟೀವಿ ಸ್ಟೇಷನ್ನಿಂದ 9 ಎಪಿಸೋಡು ಸಿಕ್ಕಿದ್ದು ಗೊತ್ತಲ್ಲ. ನನಗೆ ಅದಕ್ಕಿಂತ ಆಶ್ಚರ್ಯ ಅನ್ಸೋದು ಬಣ್ಣದ ವಿಷಯ. ಎಪ್ಪತ್ತರ ದಶಕದ ಕೆಲವು ಎಪಿಸೋಡುಗಳ ಕಲರ್ ಟೇಪ್ ಹೋಗಿ, ವಿದೇಶಕ್ಕೆ ಮಾರೋಕೆ ಮಾಡಿದ್ದ ಬ್ಲಾಕ್ ಅಂಡ್ ವೈಟ್ ಫಿಲ್ಮ್ ಮಾತ್ರ ಉಳಿದಿತ್ತು. ಆ ಫಿಲ್ಮಲ್ಲಿ ಸಣ್ಣ ಸಣ್ಣ ಚುಕ್ಕಿಗಳಿದ್ದವು, ಕಲರ್ ಸಿಗ್ನಲ್ ಪೂರ್ತಿ ಸೋಸದೆ ಬಿಟ್ಟಿದ್ದಕ್ಕೆ ಉಳಿದ ಚುಕ್ಕಿ. ಇಂಜಿನಿಯರುಗಳು ಕೂತು ಆ ಚುಕ್ಕಿಗಳನ್ನೇ ಓದಿ ಬಣ್ಣ ವಾಪಸ್ ತೆಗೆದ್ರು! 1973ರ ಪ್ಲಾನೆಟ್ ಆಫ್ ದಿ ಡಾಲೆಕ್ಸ್ ಕಥೆಯ ಮೂರನೇ ಭಾಗ 2009ರ ಡಿವಿಡಿಲಿ ಕಲರ್‌ನಲ್ಲಿ ಬಂದಿದ್ರಲ್ಲಿ ಈ ಕೆಲಸದ ಪಾಲಿದೆ. ಇದ್ದದ್ದನ್ನ ಹುಡುಕಿ ತೆಗೆಯೋದು ಅಂದ್ರೆ ಇದು. ಅಂದಹಾಗೆ 1970ರ ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್ ಅನ್ನೋ ಕಥೆ, ಆಗ ಸ್ಟುಡಿಯೋದಲ್ಲಿ ಮುಷ್ಕರ ಆಗಿದ್ದಕ್ಕೆ ಪೂರ್ತಿ ಹೊರಗಡೆ 16 ಎಂಎಂ ಫಿಲ್ಮಲ್ಲಿ ತೆಗೆದ್ರು, ಹಾಗಾಗಿ ಹಳೇ ಡಾಕ್ಟರ್ ಹೂ ಕಥೆಗಳಲ್ಲಿ ನಿಜವಾದ ಎಚ್‌ಡಿಲಿ ನೋಡೋಕೆ ಆಗೋದು ಅದೊಂದೇ. ಒಂದು ಮುಷ್ಕರದಿಂದ ಒಂದು ಕಥೆ ಉಳ್ಕೊಂಡ್ತು ನೋಡಿ.

ಬ್ಯಾಬಿಲಾನ್ 5 ಬಗ್ಗೆ ಹೇಳದೆ ಹೋದ್ರೆ ಆ ಕಡೆ ಅಭಿಮಾನಿಗಳು ಬೇಜಾರಾಗ್ತಾರೆ, ಮತ್ತೆ ಆ ಸೀರೀಸಿಂದ ಕಲಿಯೋ ಪಾಠ ಒಂದಿದೆ. ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿಯವರ ಈ ಸೀರೀಸು 5 ವರ್ಷದ ಕಥೆ ಮೊದಲೇ ಪ್ಲಾನ್ ಮಾಡ್ಕೊಂಡು ಹೊರಟಿದ್ದು. ಮುಂದೆ ವೈಡ್‌ಸ್ಕ್ರೀನ್ ಟೀವಿ ಬರುತ್ತೆ ಅಂತ ನಟರ ಶಾಟ್‌ಗಳನ್ನ ಅಗಲ ಫ್ರೇಮಿಗೂ ಆಗೋ ಹಾಗೆ ಶೂಟ್ ಮಾಡಿದ್ರು, ಆದ್ರೆ ಸಿಜಿ ಎಲ್ಲಾ ಚೌಕ ಟೀವಿಯ 4:3 ಅಳತೆಗೇ ಮಾಡಿದ್ರು, ಶುರುವಿನಲ್ಲಿ ಅಮಿಗಾ ಕಂಪ್ಯೂಟರುಗಳ ಮೇಲೆ. ಡಿವಿಡಿ ಬಂದಾಗ ಅಗಲ ಟೀವಿಗೆ ಅಂತ ಆ ಸಿಜಿಯ ಮೇಲೆ ಕೆಳಗೆ ಕತ್ತರಿಸಿ ಹಿಗ್ಗಿಸಿದ್ರು, ನಟರು ಮಾತಾಡ್ತಿರೋ ಶಾಟ್ ಚೆನ್ನಾಗಿದೆ ಅಂತ ನೋಡ್ತಿರ್ತೀರಿ, ಯಾರೋ ಗನ್ ಹೊಡೆದ ತಕ್ಷಣ ಇಡೀ ಸ್ಕ್ರೀನ್ ಮಸುಕು, ಗುಂಡು ಹಾರಿ ಆದ ಮೇಲೆ ಮತ್ತೆ ಸ್ಪಷ್ಟ. ಹೊಸದಾಗಿ ರೆಂಡರ್ ಮಾಡೋಣ ಅಂದ್ರೆ ಮೂಲ ಸಿಜಿ ಫೈಲೇ ಉಳಿದಿಲ್ಲ. 2021ರಲ್ಲಿ ಬಂದ ಹೊಸ ವರ್ಷನ್‌ನಲ್ಲಿ ಬುದ್ಧಿವಂತಿಕೆ ಮಾಡಿ 4:3ಕ್ಕೇ ವಾಪಸ್ ಹೋದ್ರು, ನಟರ ಶಾಟ್ ಫಿಲ್ಮಿಂದ ತೆಗೆದ್ರು, ಸಿಜಿ ಮಾತ್ರ ಇದ್ದಿದ್ದನ್ನೇ ಅಪ್‌ಸ್ಕೇಲ್ ಮಾಡಿ ದೊಡ್ಡದು ಮಾಡಿದ್ರು. 2023ರ ಬ್ಲೂರೇಲೂ ಅದೇ ಇದೆ, ಹಿಂದೆಂದೂ ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಹಾಗಾಗಿ ಟೀವಿ ಅಕ್ಕಪಕ್ಕ ಕಪ್ಪು ಪಟ್ಟಿ ಬಂದ್ರೆ ಬರಲಿ ಬಿಡಿ. ಆ ಫ್ರೇಮ್ ಕಟ್ಟಿದ ಕ್ಯಾಮೆರಾಮನ್‌ಗೆ ಮರ್ಯಾದೆ ಕೊಟ್ಟ ಹಾಗೆ ಅದು. ರಿಮೋಟ್ ತಗೊಂಡು ಸ್ಟ್ರೆಚ್ ಮಾಡಿ ಎಲ್ಲರನ್ನೂ ದಪ್ಪ ಮಾಡಿ ನೋಡೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಇನ್ನು ಡಿಸ್ಕ್ ಯಾಕೆ, ಸ್ಟ್ರೀಮಿಂಗಲ್ಲಿ ಸಿಗಲ್ವಾ ಅನ್ನೋರಿಗೆ ಎರಡು ಮಾತು. 2021ರ ನವೆಂಬರ್‌ನಲ್ಲಿ ಸ್ಟಾರ್ ಟ್ರೆಕ್ ಡಿಸ್ಕವರಿ ಅಮೆರಿಕ, ಕೆನಡಾ ಬಿಟ್ಟು ಬೇರೆ ದೇಶಗಳ ನೆಟ್‌ಫ್ಲಿಕ್ಸ್‌ನಿಂದ ಮಾಯ ಆಯ್ತು, ಅದೂ ನಾಲ್ಕನೇ ಸೀಸನ್ ಶುರುವಾಗೋಕೆ ಎರಡು ದಿನ ಇರುವಾಗ. ನಮ್ಮ ದೇಶದ ಅಭಿಮಾನಿಗಳೂ ಬಾಯಿ ಬಾಯಿ ಬಿಟ್ಕೊಂಡು ಕೂತ್ವಿ. ಕಪಾಟಲ್ಲಿರೋ ಡಿಸ್ಕನ್ನ ಹಾಗೆ ಯಾರೂ ಕಿತ್ಕೊಳ್ಳೋಕಾಗಲ್ಲ. ಇನ್ನೊಂದು ಕ್ವಾಲಿಟಿ. 1080ಪಿ, ಅಂದ್ರೆ ಫುಲ್ ಎಚ್‌ಡಿ, ನೋಡೋಕೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ಇದ್ರೆ ಸಾಕು ಅಂತ ನೆಟ್‌ಫ್ಲಿಕ್ಸ್‌ನೋರೇ ಹೇಳ್ತಾರೆ, ಬ್ಲೂರೇಲಿ ಚಿತ್ರಕ್ಕೇ 40 ಎಂಬಿಪಿಎಸ್ ತನಕ ಜಾಗ ಇದೆ. ಸೈನ್ಸ್ ಫಿಕ್ಷನ್‌ಗೆ ಇದು ಎಲ್ಲಕ್ಕಿಂತ ಜಾಸ್ತಿ ಮುಖ್ಯ, ಯಾಕಂದ್ರೆ ನಾವು ನೋಡೋದೇ ಕತ್ತಲೆ, ಕತ್ತಲೆಯೊಳಗೆ ಚುಕ್ಕಿ, ಹೊಗೆ, ನೆಬ್ಯುಲಾ. ಈ ಎಂಬಿಪಿಎಸ್ ಲೆಕ್ಕ, ಅಂದ್ರೆ ಬಿಟ್‌ರೇಟ್, ಕಮ್ಮಿಯಾದ್ರೆ ಮೊದಲು ಹೋಗೋದೇ ಅವು, ಕಪ್ಪು ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತೆ, ಫಿಲ್ಮ್ ಗ್ರೇನ್ ಎಲ್ಲಾ ಅಳಿಸಿ ಹೋಗುತ್ತೆ. ನಮ್ಮಲ್ಲಿ ಡಿಸ್ಕ್ ತರಿಸೋದು ಸುಲಭ ಅಲ್ಲ ಅಂತ ಗೊತ್ತು, ಬ್ಲೂರೇಲಿ ದೇಶಗಳನ್ನ ರೀಜನ್ ಅಂತ ವಿಂಗಡಿಸಿರ್ತಾರೆ, ಇಂಡಿಯಾ ಸಿ, ಅಮೆರಿಕ ಎ, ಅಲ್ಲಿಂದ ಅಕ್ಕನೋ ಕಸಿನ್ನೋ ಬರುವಾಗ ತಂದುಕೊಟ್ಟ ಬಾಕ್ಸ್ ಸೆಟ್ ಇಲ್ಲಿಯ ಪ್ಲೇಯರಲ್ಲಿ ಓಡುತ್ತಾ ಅಂತ ಮೊದಲೇ ವಿಚಾರಿಸ್ಕೊಳ್ಳಬೇಕು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಬಂದ ಸ್ಟಾರ್ ಟ್ರೆಕ್‌ನ ನೋಡಿ ಬೆಳೆದ ನಮ್ಮಂಥೋರಿಗೆ ಇಷ್ಟು ಕಷ್ಟ ಪಡೋದು ದೊಡ್ಡದೇನಲ್ಲ.

ವಾಪಸ್ ಡೀಪ್ ಸ್ಪೇಸ್ ನೈನ್‌ಗೆ ಬರ್ತೀನಿ. ನನಗೆ ಹೊಟ್ಟೆ ಉರಿಯೋ ಎಪಿಸೋಡ್ ಅಂದ್ರೆ 1996ರ ಟ್ರಯಲ್ಸ್ ಅಂಡ್ ಟ್ರಿಬಲ್-ಏಷನ್ಸ್. ಸ್ಟಾರ್ ಟ್ರೆಕ್‌ಗೆ ಮೂವತ್ತು ವರ್ಷ ತುಂಬಿದಾಗ ಮಾಡಿದ್ದು, ಸೀರೀಸಿನ ನಾಯಕ ಸಿಸ್ಕೋ ಮತ್ತೆ ಅವನ ತಂಡ ಕಾಲದಲ್ಲಿ ಹಿಂದೆ ಹೋಗಿ 1967ರ ಎಪಿಸೋಡ್ ಒಳಗೇ ನುಗ್ತಾರೆ, ಕರ್ಕ್ ಪಕ್ಕದಲ್ಲೇ ನಿಲ್ತಾರೆ. ಹಳೇ ಸೆಟ್ಟುಗಳನ್ನ ಮತ್ತೆ ಕಟ್ಟಿ, ಲೈಟಿಂಗು, ಬಣ್ಣ, ಗ್ರೇನ್ ಹೊಂದಿಸೋಕೆ ಅವರು ಪಟ್ಟ ಪಾಡು ನೋಡಿದ್ರೆ ಕೈ ಮುಗೀಬೇಕು. ಇವತ್ತು ಏನಾಗಿದೆ? ಅದೇ ಕಾರಿಡಾರಲ್ಲಿ 1967ರ ಕರ್ಕ್‌ನ ಬ್ಲೂರೇಲಿ ಸ್ಪಷ್ಟವಾಗಿ ನೋಡಬಹುದು, 1996ರ ಸಿಸ್ಕೋನ ನೋಡೋಕಾಗಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. 176 ಎಪಿಸೋಡೂ ಒಂದೇ ಸಲ ಮಾಡಿ ಅಂತ ಕೇಳ್ತಿಲ್ಲ. ನೆಕ್ಸ್ಟ್ ಜನರೇಷನ್‌ಗೂ ಮೊದಲು 2012ರ ಜನವರಿಲಿ ಮೂರು ಎಪಿಸೋಡಿನ ಒಂದು ಸ್ಯಾಂಪಲ್ ಡಿಸ್ಕ್ ಬಿಟ್ಟಿದ್ರು, ಜನ ತಗೊಳ್ತಾರಾ ನೋಡೋಣ ಅಂತ. ಇದಕ್ಕೂ ಹಾಗೇ ಒಂದು ಬಿಡಿ. ಯಾವ ಮೂರು ಅಂತ ನಾನೇ ಹೇಳ್ತೀನಿ. ಮೊದಲನೇದು ಮೊದಲ ಸೀಸನ್ನಿನ ಡ್ಯುಯೆಟ್. ನಲುಗಿದ ಆ ಗ್ರಹದ ಕೀರಾ ಒಂದು ಕಡೆ, ಕಂಬಿ ಆಚೆ ಕಾರ್ಡೇಶಿಯನ್ ಕೈದಿ ಒಂದು ಕಡೆ, ಹೆಚ್ಚುಕಮ್ಮಿ ಪೂರ್ತಿ ಕಥೆ ಇಬ್ಬರ ಮಾತಲ್ಲೇ ನಡೆಯುತ್ತೆ, ಎಫೆಕ್ಟ್ಸ್ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಸ್ಕ್ಯಾನ್ ಮಾಡಿ ಎಡಿಟ್ ಮಾಡಿದ್ರೆ ಮುಗೀತು, ಖರ್ಚಿನ ನೆಪ ಹೇಳೋಕೇ ಆಗಲ್ಲ. ಎರಡನೇದು ದಿ ವಿಸಿಟರ್. ಮಳೆ ಸುರಿಯೋ ರಾತ್ರಿ, ಮುದುಕನಾದ ಜೇಕ್ ಸಿಸ್ಕೋ ತನ್ನಪ್ಪನ ಕಥೆ ಒಬ್ಬಳು ಹುಡುಗಿಗೆ ಹೇಳ್ತಾ ಕೂತಿರ್ತಾನೆ, ಟೋನಿ ಟಾಡ್ ಮಾಡಿರೋ ಪಾತ್ರ. ಸಣ್ಣ ಬೆಳಕು, ಮುಖದ ತುಂಬಾ ಸುಕ್ಕಿನ ಮೇಕಪ್, ಅದರೊಳಗಿಂದ ಆ ಮನುಷ್ಯನ ಕಣ್ಣು. ಡಿವಿಡಿಲಿ ಆ ಕೋಣೆಯ ಕತ್ತಲೆ ಅರ್ಧ ಕಂದು ಕಲೆ, ಅಷ್ಟಾದ್ರೂ ನಾನು ಪ್ರತಿ ಸಲ ಅಳ್ತೀನಿ, ಟೋನಿ ಟಾಡ್ 2024ರಲ್ಲಿ ತೀರಿಕೊಂಡ ಮೇಲಂತೂ ಅದನ್ನ ಸರಿಯಾಗಿ ನೋಡಬೇಕು ಅನ್ನೋ ಆಸೆ ಇನ್ನೂ ಜಾಸ್ತಿಯಾಗಿದೆ. ಮೂರನೇದು ಇನ್ ದಿ ಪೇಲ್ ಮೂನ್‌ಲೈಟ್, ಸಿಸ್ಕೋ ನೇರ ಕ್ಯಾಮೆರಾ ನೋಡ್ಕೊಂಡು ತಾನು ಮಾಡಿದ್ದನ್ನ ಒಪ್ಕೊಳ್ಳೋದು, ಏವರಿ ಬ್ರೂಕ್ಸ್ ಮುಖ ಬಿಟ್ಟು ಬೇರೇನೂ ಬೇಡ ಅದಕ್ಕೆ.

4:3 ಅಳತೆಲೇ ಇರಲಿ, ಹಳೇ ಎಫೆಕ್ಟ್ಸ್ ಇರೋ ವರ್ಷನ್ನೂ ಜೊತೆಗಿರಲಿ, 1966ರ ಸೀರೀಸಿನ ಬ್ಲೂರೇಲಿ ಹಳೇದು ಹೊಸದು ಎರಡೂ ಕೊಟ್ಟು ಯಾವ್ದು ಬೇಕೋ ಆರಿಸ್ಕೊಳ್ಳಿ ಅಂದಿದ್ರಲ್ಲ, ಹಾಗೆ. ಮಾಡೆಲ್ ಕಟ್ಟಿದೋರು, ಸಿಜಿ ಮಾಡಿದೋರಲ್ಲಿ ಸುಮಾರು ಜನ ಇನ್ನೂ ಇದ್ದಾರೆ, ಯಾವ ಶಾಟ್ ಹೇಗೆ ಜೋಡಿಸಿದ್ವಿ ಅಂತ ನೆನಪಿರೋರು ಇರುವಾಗಲೇ ಕೆಲಸ ಶುರು ಮಾಡಬೇಕು. ಡಿಸ್ಕ್ ಬಂದ ದಿನ ನಾನು ಮುಂಗಡ ಆರ್ಡರ್ ಹಾಕಿರ್ತೀನಿ. ನಿಮ್ಮ ಮೂರು ಎಪಿಸೋಡ್ ಯಾವ್ದು ಅಂತ ನೀವೂ ಹೇಳಿ, ಫಾರ್ ಬಿಯಾಂಡ್ ದಿ ಸ್ಟಾರ್ಸ್ ಎಪಿಸೋಡ್ ಬಿಟ್ಟಿದ್ದಕ್ಕೆ ಜಗಳಕ್ಕೆ ಬರೋರು ಇದ್ರೆ ಬನ್ನಿ, ಅದು ನಾಲ್ಕನೇದಾಗಿ ಇರಲಿ ಅಂತ ನಾನೂ ಒಪ್ತೀನಿ.